ಮೊನ್ ಖಾರಾಪ್ ಮತ್ತು ತಮ್ಮ ಖರಾಬು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ತಗಡಿನ ಕೋಣೆಯ ಬೋರ್ಡನ್ನು ತಾವು ಬದಲಿಸಿದಿರಿ. ಅಂದಿನಿಂದ ಒಳಗೆ ಬರುತ್ತಿದ್ದ ಹುಡುಗ ಹುಡುಗಿಯರು ಹೊರಗಿನಿಂದಲೇ ಮುಖ ತಿರುಗಿಸಿ ಹೋಗುತ್ತಿದ್ದಾರೆ. ದೂರು ಇಷ್ಟೇ. ಕೋಲ್ಕತ್ತದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ತಾವು ಮುಂದಿನ ಸಾಲಿನವರು. ಆದ್ದರಿಂದ ಸಂಘದ ಸಂಚಿಕೆಯಲ್ಲೇ, ತಾಯ್ನುಡಿಯಲ್ಲಿ ಬೈಸಿಕೊಳ್ಳುವ ಭಾಗ್ಯ ತಮಗೆ ಒದಗಲೆಂದು ಬರೆಯುತ್ತಿದ್ದೇನೆ.

ಗಂಡನ ರೈಲ್ವೆ ವರ್ಗಾವಣೆಯ ಬೆನ್ನು ಹಿಡಿದು ಧಾರವಾಡದಿಂದ ಇಲ್ಲಿನ ಸಿಯಾಲ್ದಾಕ್ಕೆ ಬಂದವಳು ನಾನು. ಕಲಿತದ್ದು ಕನ್ನಡದ ಪಾಠ, ಇಲ್ಲಿ ಬಂಗಾಳಿಯ ಪರದಾಟ. ನ್ಯೂ ಟೌನ್‌ನಲ್ಲಿ ಐಟಿ ಕಟ್ಟಡ ಕಟ್ಟುವವರ ಗುಡಿಸಲುಗಳಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದೆ. ಒಂದು ದಿನ ಶೆಫಾಲಿ ಎಂಬ ಹುಡುಗಿ ಸೂಜಿ ಕೆಳಗಿಟ್ಟು, "ಮೊನ್ ಖಾರಾಪ್, ದಿದಿ" ಎಂದಳು. ಉಳುಮೆಗೆ ಬಾರದ ನೆಲವನ್ನು ಖರಾಬು ಎನ್ನುವ ಸೀಮೆಯವಳು ನಾನು. ಮನಸ್ಸೇ ಖರಾಬಾಯಿತೆಂದು ಹೆದರಿ ಅವಳನ್ನು ಆಸ್ಪತ್ರೆಗೆ ಹೊರಡಿಸಿದೆ. ಅವಳು ನಕ್ಕುಬಿಟ್ಟಳು. "ಪಾಗೋಲ್ ನಾಕಿ, ದಿದಿ? ನಿಮಗೇನು ಹುಚ್ಚಾ? ಇದು ಎಲ್ಲರಿಗೂ ಆಗುತ್ತೆ. ನಿಮಗೆ ಆಗಲ್ವಾ?"

ಆಗುತ್ತಿತ್ತು. ಬಂಗಾಳಿಯಲ್ಲಿ ಅದು ಬರೀ ಬೇಸರ, ನೆಗಡಿಯಷ್ಟು ಸಾಮಾನ್ಯ ಮಾತು. ಆ ಮಾತಿನಿಂದ ಶುರುಮಾಡಿದರೆ ಮಾತ್ರ ಉಳಿದದ್ದು ಹೊರಬರುತ್ತಿತ್ತು: ಕಟ್ಟಡದಿಂದ ಬಿದ್ದು ಸತ್ತ ಅಣ್ಣ, ಆಮೇಲೆ ಬಾರದ ನಿದ್ದೆ, "ನಾನೂ ಹೋಗಿಬಿಡಲಾ" ಎಂಬ ಪ್ರಶ್ನೆ. ಹೊಲಿಯುವುದು ಬಿಟ್ಟೆ, ಕೇಳಿಸಿಕೊಳ್ಳುವುದು ಕಲಿತೆ. ಶನಿವಾರಗಳಂದು ಬರಲು ಒಬ್ಬ ಮನೋವೈದ್ಯರನ್ನು ಗೋಗರೆದು ಕರೆತಂದೆ. ಸರ್ಕಾರದ ನೆರವಿನಿಂದ ಒಂದು ತಗಡಿನ ಕೋಣೆ ಹಿಡಿದು, ಬಾಗಿಲ ಮೇಲೆ ಬಂಗಾಳಿಯಲ್ಲಿ ಬೋರ್ಡು ಬರೆಸಿದೆ: "ಮೊನ್ ಖಾರಾಪ್? ಎಶೋ, ಬೋಶೋ." ಬಾ, ಕೂರು ಎಂದು. ಬಂದರು, ಕೂತರು.

ಆಮೇಲೆ ತಾವು ಬಂದಿರಿ. ಬೋರ್ಡನ್ನು ಓದಿಸಿಕೊಂಡು, "ಏನಮ್ಮ ಇದು, ಸರ್ಕಾರದ ನೆರವು ತಗೊಂಡು ಮನಸ್ಸು ಖರಾಬು ಅಂತ ಬರೆಸ್ತೀರಾ? ಮರ್ಯಾದೆಯಾಗಿ ಬರೆಸಿ" ಎಂದಿರಿ. ನನ್ನಂಥದೇ ಕಿವಿ ತಮ್ಮದೂ. ಆದರೆ ನನಗೆ ನಕ್ಕು ತಿದ್ದಲು ಶೆಫಾಲಿ ಇದ್ದಳು. ತಮಗೆ ತಲೆಯಾಡಿಸಲು ಸಿಬ್ಬಂದಿ ಇದ್ದರು. ಮರ್ಯಾದೆಯ ಬೋರ್ಡು ಬಂತು: "ಮಾನಸಿಕ ರೋಗಿಗಳ ಕೇಂದ್ರ". ಅದೂ ಮೂರು ಭಾಷೆಗಳಲ್ಲಿ, ಒಂದರಲ್ಲಿ ತಪ್ಪಿಸಿಕೊಂಡವರು ಇನ್ನೊಂದರಲ್ಲಿ ಸಿಕ್ಕಿಬೀಳಲೆಂದು. ಬೋರ್ಡಿಗೆ ಬಣ್ಣ, ಬೆಂಚಿಗೆ ಮಣ್ಣು. ಶೆಫಾಲಿಯ ತಾಯಿ ಮಗಳ ರಟ್ಟೆ ಹಿಡಿದು ಎಳೆದೊಯ್ದಳು. "ಈ ಬಾಗಿಲಲ್ಲಿ ಕಂಡವಳನ್ನ ಯಾರು ಮದುವೆಯಾಗ್ತಾರೆ, ದಿದಿ? ನೀವು ಗಂಡು ಹುಡುಕಿಕೊಡ್ತೀರಾ?"

ಅದೇ ವಾರ ಎದುರಿನ ಐಟಿ ಕಟ್ಟಡದಲ್ಲಿ ತಾವು ದೀಪ ಬೆಳಗಿಸಿ "ಸ್ಟ್ರೆಸ್ ಮುಕ್ತ ಬದುಕು" ಶಿಬಿರ ಉದ್ಘಾಟಿಸಿದಿರಿ. ಅಲ್ಲೇಕೆ ಮಾನಸಿಕ ರೋಗಿಗಳ ಶಿಬಿರ ಎಂದು ಬರೆಸಲಿಲ್ಲ? ಗಾಜಿನೊಳಗೆ ಕೂತವರಿಗೆ ಸ್ಟ್ರೆಸ್ಸು, ಗಾಜು ಕೂರಿಸಿದವರ ಮಕ್ಕಳಿಗೆ ರೋಗವೇ? ಲಿಫ್ಟ್ ಹತ್ತಿದರೆ ಸಂಕಟವೂ ಹೆಸರು ಬದಲಿಸಿಕೊಳ್ಳುತ್ತದೆಯೇ?

ಹಳೆಯ ಬೋರ್ಡು ಮರಳಬೇಕು. ಹೊಸದನ್ನು ತೆಗೆದರೆ ನೆರವು ನಿಲ್ಲುತ್ತದೆ ಎಂದಿದ್ದೀರಿ, ಮುಚ್ಚಬಾರದು ಎಂದಿಲ್ಲ. ಹಾಗಾಗಿ ನಿನ್ನೆ ಅದರ ಮೇಲೆ ನನ್ನ ಇಳಕಲ್ ಸೀರೆಯನ್ನು ಒಣಹಾಕಿದೆ. ಸಂಜೆ ಶೆಫಾಲಿ ಬಂದು ಕೂತಳು. ಸೀರೆಯ ಸೆರಗು ಮುಟ್ಟಿ ನೋಡಿ ಕೇಳಿದಳು: "ಸೀರೆ ಒಣಗಿದ ಮೇಲೆ, ದಿದಿ?"

ಆ ಪ್ರಶ್ನೆಯನ್ನು ತಮ್ಮ ಕಚೇರಿಗೆ ವರ್ಗಾಯಿಸಿದ್ದೇನೆ. ಉತ್ತರ ಬರುವವರೆಗೆ ಸೀರೆಗೆ ನೀರು ಚಿಮುಕಿಸುತ್ತಿರುತ್ತೇನೆ.

ಇಂತಿ,
ತಮ್ಮ ಬೋರ್ಡಿಗೆ ಸೀರೆ ಉಡಿಸಿ, ತಾನು ಬೈಗುಳಕ್ಕೆ ಕಾದಿರುವ
ಅನಸೂಯ