ಐದನೆಯ ಸ್ಥಿತಿ

ಜಮಖಂಡಿ
ಸೋಮವಾರ

ಸಿದ್ದಕ್ಕ ಕಾಕು ಅವರಿಗೆ ಪ್ರಾಚಿಯ ನಮಸ್ಕಾರ.

ಗಿರಮಲ್ಲಪ್ಪ ಕಾಕಾ ಅವರ ಮಣ್ಣಿಗೆ ಬಂದಿದ್ದೆ. ನಿಮ್ಮೆದುರು ನಿಲ್ಲುವ ಧೈರ್ಯವಾಗಲಿಲ್ಲ.

ಕಾಕಾ ನೋಡಿಕೊಳ್ಳುತ್ತಿದ್ದ ಪಂಪ್‌ಹೌಸಿನ ಹೊಸ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವಳು ನಾನು. ಮೋಟರಿಗೆ ನಾಲ್ಕೇ ಸ್ಥಿತಿ ಇಟ್ಟಿದ್ದೆ: ನಿಂತಿದೆ, ಶುರುವಾಗುತ್ತಿದೆ, ಓಡುತ್ತಿದೆ, ಕೆಟ್ಟಿದೆ. ಕಾಕಾ ನೋಡಿ, "ನಾ ಬಾವ್ಯಾಗ ಇಳದಾಗ ಸ್ಟಾರ್ಟರ್ ಹ್ಯಾಂಡಲ್‌ಗೆ ಟವೆಲ್ ಕಟ್ಟತೇನಿ. ಅದನ್ನ ನೋಡಿ ಯಾರೂ ಚಾಲೂ ಮಾಡಂಗಿಲ್ಲ. ನಿನ್ನ ಇದರಾಗ ಟವೆಲ್ ಎಲ್ಲೈತಿ ತಂಗಿ?" ಎಂದಿದ್ದರು. ನಾನು ನಕ್ಕಿದ್ದೆ.

ಹೊಸ ಪ್ಯಾನಲ್‌ಗೆ ಹ್ಯಾಂಡಲ್ ಇಲ್ಲ. ಆ ದಿನ ಅವರು ಪರದೆಗೇ ಟವೆಲ್ ಹೊದಿಸಿ, ಪಂಪಿಗೆ ಸಿಕ್ಕ ಕಸ ತೆಗೆಯಲು ಇಳಿದಿದ್ದರು. ಜಮಖಂಡಿಯ ಆಫೀಸಿನಲ್ಲಿದ್ದ ನನಗೆ ‘ನಿಂತಿದೆ’ ಎಂದಷ್ಟೇ ಕಂಡಿತು. ಇಲ್ಲಿಂದಲೇ ಚಾಲೂ ಮಾಡಿದೆ.

ಈಗ ಐದನೆಯ ಸ್ಥಿತಿ ಸೇರಿಸಿದ್ದೇನೆ: ‘ಒಳಗೆ ಮನುಷ್ಯರಿದ್ದಾರೆ’. ಇಳಿದವರೇ ಮೇಲೆ ಬಂದು ಅದನ್ನು ತೆಗೆಯುವ ತನಕ ಮೋಟರ್ ಎಲ್ಲಿಂದಲೂ ಚಾಲೂ ಆಗದು. ಬರೆಯಲು ಅರ್ಧ ಗಂಟೆ ಸಾಕಾಯಿತು.

ನಮ್ಮ ಕಂಪನಿಯವರು ನಿಮ್ಮ ಮನೆಗೆ ಒಂದು ಕಾಗದ ತರುತ್ತಾರೆ. ಕಾಕಾ ಯಾರಿಗೂ ಹೇಳದೆ ಇಳಿದರು ಎಂದು ಅದರಲ್ಲಿದೆ. ದಯವಿಟ್ಟು ಸಹಿ ಮಾಡಬೇಡಿ. ಈ ಪತ್ರವನ್ನು ವಕೀಲರ ಕೈಗೆ ಕೊಡಿ. ಕಾಕಾ ಎಂದಿನಂತೆ ಹೇಳಿಯೇ ಇಳಿದಿದ್ದರು, ಟವೆಲ್ ಹಾಕಿ.

ಇತಿ,
ಪ್ರಾಚಿ