ಕಂದು ಹವಳ, ಕಪ್ಪು ಕನ್ನಡಕ

೮ ಫೆಬ್ರವರಿ ೨೦೦೪, ರವಿವಾರ, ಬೆಳಿಗ್ಗೆ ೭

ಗಾಜಿನ ತೊಟ್ಟಿಯ ಉಪ್ಪು ಸರಿ. ಉಷ್ಣತೆ ಇಪ್ಪತ್ತಾರು. ಮೀನು ಎರಡೂ ಹಾಜರ್. ಹವಳ — ಕಂದು.

ಮೂರು ತಿಂಗಳಿಂದ ಕಂದು. ಮೀನಿನಂಗಡಿಯ ಅಂಬಾದಾಸ ತನ್ನ ತೊಟ್ಟಿಯಿಂದ ಕಿರುಬೆರಳುದ್ದದ ಕೊಂಬೆ ಮುರಿದು ಕೊಟ್ಟಾಗ ತುದಿಯಲ್ಲಿ ನೀಲಿ ಇತ್ತು. ನಮ್ಮ ಧನಕವಡಿಯ ಮೂರನೇ ಮಹಡಿ ಹತ್ತಿದ್ದೇ ನೀಲಿ ಇಳಿದು ಹೋಯಿತು. ಒಂದು ಕೂದಲೆಳೆ ಬೆಳೆದಿಲ್ಲ. ಕಾಲೇಜಿನಲ್ಲಿ ಬಾಟನಿ ಕಲಿಸುವವನ ಮನೆಯಲ್ಲಿ ಇಂಥ ಕಂದು ಕಂದ!

ಹವಳವೂ ಅತ್ತೆಯೂ ಬಂದದ್ದು ಒಂದೇ ವಾರ, ದೀಪಾವಳಿಗೆ. ಅತ್ತೆ — ಗೌರಾಬಾಯಿಯವರು — ಆಳಂದದಿಂದ ಬಂದದ್ದು ಕಣ್ಣಿನ ಪೊರೆಗೆ. ಮೊನ್ನೆ ಗುರುವಾರ ಆಪರೇಷನ್ ಆಯಿತು. ಇನ್ನು ಆರು ವಾರ ಕಪ್ಪು ಕನ್ನಡಕ.

ನನ್ನೊಡನೆ ಮಾತಿಲ್ಲ. ಜಗಳವಲ್ಲ, ಪದ್ಧತಿ. ಅವರ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರ ಮಾತಾಡಬಾರದು. ಮದುವೆಯಾಗಿ ಹನ್ನೆರಡು ವರ್ಷ — ನನಗೆ ಬರಬೇಕಾದ ಮಾತೆಲ್ಲ ಹೆಂಡತಿ ಸಪ್ನಾಳ ಕೇರಾಫ್. ಸಪ್ನಾ ಆಫೀಸಿಗೆ ಹೋಗಿದ್ದರೆ ಗೋಡೆಯ ಕೇರಾಫ್. "ಚಹಾ ಆರಾಕತ್ತದ" ಎಂದು ಗೋಡೆಗೆ ಹೇಳುತ್ತಾರೆ. ಗೋಡೆ ಕುಡಿಯುವುದಿಲ್ಲ. ನಾನು ಕುಡಿಯುತ್ತೇನೆ.

ನಿನ್ನೆ ಅಡುಗೆಮನೆಯಿಂದ ಕೇಳಿಸಿತು —

"ಸಪ್ನಾ, ತಾಳ್ಯಾಗಿನ ಹವಳ ಮೂವತ್ತು ವರ್ಷ ಕೊಳ್ಳಾಗ ಹಾಕ್ಕೊಂಡೆ. ಅದಕ್ಕ ಜೀವ ಇರ್ತದಂತ ನಿಮ್ಮಪ್ಪಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈ ಕನ್ನಡಕ ತಗದ ದಿನ ಮೊದಲ ಅಳಿಯಂದ್ರ ಹವಳ ನೋಡ್ತೀನಿ. ಭಾಳ ಚಂದ ಬಣ್ಣ ಇರಬೇಕಲ್ಲ?"

ಸಪ್ನಾ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. "ಹೂಂ ಅವ್ವ, ಭಾಳ ಚಂದ ಅದ."

ಕನ್ನಡಕ ತೆಗೆಯುವುದು ಮಾರ್ಚ್ ಹದಿನೆಂಟಕ್ಕೆ. ಅಷ್ಟರಲ್ಲಿ ಬಣ್ಣ ಬರಬೇಕು. ಬರಲೇಬೇಕು.

೧೧ ಫೆಬ್ರವರಿ, ಸಂಜೆ

ಅಂಬಾದಾಸನ ಅಂಗಡಿ. ಬಾಟಲಿಯಲ್ಲಿ ಒಯ್ದ ನೀರಿಗೆ ನೀರು ಪರೀಕ್ಷಿಸುವ ಕಿಟ್‌ನ ಎರಡು ಹನಿ ಹಾಕಿದ. ಕಡು ಗುಲಾಬಿ. ನಮ್ಮ ತೊಟ್ಟಿಯಿಂದ ಬಣ್ಣ ಬಂದದ್ದು ಅದೊಂದಕ್ಕೇ.

"ನೈಟ್ರೇಟ್ ಭಾಳ ಅದರಿ ಸರ. ಏನ್ ಮೀನಿಗೆ ಬೀಗರೂಟ ಹಾಕ್ತೀರೇನು? ಹೆಚ್ಚಾಗಿದ್ದು ನೀರಾಗ ಕೊಳೀತದ, ಹವಳ ಕಂದ ಆಗ್ತದ. ಹಾಕೂದು ಕಡಿಮಿ ಮಾಡ್ರಿ, ನೀರು ಬದಲಿಸ್ರಿ, ಲೈಟ್ ಜೋರ್ ಮಾಡ್ರಿ."

ಹೊಸ ಟ್ಯೂಬು, ಉಪ್ಪಿನ ಚೀಲ, ಒಂದು ಕಿಟ್ ತಂದೆ. ಸಪ್ನಾ ಚೀಲ ಎತ್ತಿ ನೋಡಿ — "ಉಪ್ಪು ತಿಂದಾವ್ರು ನೀರು ಕುಡೀಬೇಕು. ನೀವು ಬರೇ ಹೊರತೀರಿ."

೧೯ ಫೆಬ್ರವರಿ

ಎರಡು ಸಲ ನೀರು ಬದಲಿಸಿದೆ. ಮೀನಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ. ಆದರೂ ಕಿಟ್‌ನಲ್ಲಿ ಅದೇ ಗುಲಾಬಿ. ಹೇಗೆ?

ಇನ್ನೊಂದು ವಿಚಿತ್ರ. ಉಪವಾಸದಲ್ಲಿ ಮೀನುಗಳು ದಪ್ಪಗಾಗುತ್ತಿವೆ. ನಿನ್ನೆ ಶಿವರಾತ್ರಿ, ಅತ್ತೆ ಊಟ ಮಾಡಲಿಲ್ಲ. ನಿನ್ನೆ ಮಾತ್ರ ಎರಡೂ ಮೀನು ದಿನವಿಡೀ ಅಡುಗೆಮನೆಯ ಕಡೆಯ ಗಾಜಿಗೆ ಮೂತಿ ಹಚ್ಚಿಕೊಂಡಿದ್ದವು...

೨೨ ಫೆಬ್ರವರಿ, ರವಿವಾರ, ಮಧ್ಯಾಹ್ನ

ಕಳ್ಳ ಸಿಕ್ಕ. ಕಳ್ಳನಲ್ಲ, ದಾನಿ.

ಅತ್ತೆ ಊಟಕ್ಕೆ ಕುಳಿತವರು ಎದ್ದರು. ತಟ್ಟೆಯಿಂದ ಒಂದು ಚೂರು ಜೋಳದ ರೊಟ್ಟಿ ಮುರಿದು, ಗೋಡೆ ಸವರುತ್ತ ಬಂದರು. ತೊಟ್ಟಿಯ ಅಂಚು ತಡವಿ, ರೊಟ್ಟಿ ಪುಡಿ ಮಾಡಿ ಉದುರಿಸಿದರು. ಕೈ ಮುಗಿದರು. ಹೋಗಿ ಉಂಡರು. ನಾನು ಸೋಫಾದಲ್ಲಿದ್ದದ್ದು ಅವರಿಗೆ ಕಾಣಿಸಲಿಲ್ಲ.

ಊರಲ್ಲಿ ಮೊದಲ ತುತ್ತು ದನಕ್ಕೆ. ಮೂರನೇ ಮಹಡಿಗೆ ದನ ಎಲ್ಲಿಂದ ಬರಬೇಕು? ಮನೆಯಲ್ಲಿರುವ ಮೂಕ ಪ್ರಾಣಿಗಳು ಇವೆರಡೇ. (ನನ್ನನ್ನು ಬಿಟ್ಟು.) ದಿನಕ್ಕೆ ಎರಡು ಊಟ, ಮೂರು ತಿಂಗಳು. ಬೀಗರೂಟವೇ ಸೈ.

ಸಪ್ನಾಗೆ ಹೇಳಿದೆ, ಅವ್ವನಿಗೆ ತಿಳಿಸು ಎಂದು. ಅವಳ ಮುಖ ಸಣ್ಣದಾಯಿತು.

"ನಾ ಹೇಳಂಗಿಲ್ಲರೀ. ಮೂಕ ಪ್ರಾಣಿಗೆ ಕೊಡದ ಆಕಿ ಒಂದು ದಿನ ಉಂಡಿಲ್ಲ. ಹಾಕಬ್ಯಾಡ ಅಂದ್ರ ಉಪಾಸ ಕೂಡ್ತಾಳ, ಅದೂ ಈಗ ಕಣ್ಣಿನ ಗುಳಿಗಿ ನಡದಾಗ. ಬೇಕಾದ್ರ ನೀವ ಹೇಳ್ರಿ."

ನಾನು? ಹೇಗೆ?

ಹೇಳಿದರೆ ಅತ್ತೆಗೆ ಊಟವಿಲ್ಲ. ಹೇಳದಿದ್ದರೆ ಹವಳಕ್ಕೆ ಬಣ್ಣವಿಲ್ಲ.

೨೩ ಫೆಬ್ರವರಿ, ಸಂಜೆ

ಹೇಳಿದೆ. ಮೀನಿಗೆ ಹೇಳಿದೆ.

ಅತ್ತೆ ಪಕ್ಕದ ಕುರ್ಚಿಯಲ್ಲಿ ಎಲೆ ಅಡಿಕೆ ಸಂಚಿ ಬಿಚ್ಚಿದ್ದರು. ನಾನು ಗಾಜಿಗೆ ಬಾಗಿ, ಪಾಠ ಹೇಳುವ ದನಿಯಲ್ಲಿ — "ಮೀನಪ್ಪಾ, ರೊಟ್ಟಿ ರುಚಿ ಅದ, ಖರೆ. ಆದ್ರ ನೀ ಬಿಟ್ಟಿದ್ದು ನೀರಾಗ ಕೊಳೀತದ. ಅದಕ್ಕ ಹವಳದ ಬಣ್ಣ ಹೋಗ್ಯದ."

ಅಡಿಕೆ ಕತ್ತರಿಸುವ ಸದ್ದು ನಿಂತಿತು. ಸೆರಗು ತಲೆಯ ಮೇಲೆ ಬಂತು. ಆಮೇಲೆ ಅತ್ತೆ, ತೊಟ್ಟಿಯ ಇನ್ನೊಂದು ಮೂಲೆಗೆ —

"ಹವಳವ್ವ, ನಿನ್ನ ಬಣ್ಣ ತಗದಾಕಿ ನಾನೇ ಏನವ್ವ? ಕಣ್ಣಿಲ್ಲದಾಕಿ... ಗೊತ್ತಾಗಲಿಲ್ಲ."

ಮೀನಿಗೆ ಎಂದೆ — "ಮೀನಪ್ಪಾ, ಪ್ರೀತೀಲೆ ಕೊಟ್ಟಿದ್ದು ತಪ್ಪಲ್ಲ. ನಮ್ಮ ಹೊರಗಿನ ಗ್ಯಾಲರಿಗೆ ಗುಬ್ಬಿ ಬರ್ತಾವ. ಅವಕ್ಕೂ ಹಸಿವಿ ಇರ್ತದ."

"ಹವಳವ್ವ, ಗುಬ್ಬಿ ಯಾ ಹೊತ್ತಿಗೆ ಬರ್ತಾವ ಕೇಳು."

"ಮೀನಪ್ಪಾ, ಮುಂಜಾನೆ ಎಂಟಕ್ಕೊಮ್ಮೆ. ಊಟದ ಹೊತ್ತಿಗೆ ಕರದ್ರ ಆಗೂ ಬರ್ತಾವ."

ಆಫೀಸಿನಿಂದ ಆಗಷ್ಟೇ ಬಂದ ಸಪ್ನಾ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದಳು. "ನಾ ಹೊರಗ ಹೋಗ್ಲೇನು? ನೀವು ನಾಕೂ ಮಂದಿ ಮಾತಾಡ್ರಿ."

೨ ಮಾರ್ಚ್

ಗುಲಾಬಿ ತಿಳಿಯಾಗುತ್ತಿದೆ. ಗ್ಯಾಲರಿಯಲ್ಲಿ ಗುಬ್ಬಿ ಹೆಚ್ಚಾಗಿವೆ. ಅತ್ತೆಯ ಊಟ ಸುಸೂತ್ರ.

ಬೆಳವಣಿಗೆ ಮಾತ್ರ ಇಲ್ಲ. ಸೈಬರ್ ಕೆಫೆಯಲ್ಲಿ ಒಂದು ತಾಸು ಓದಿದೆ. ಹವಳ ಮೈ ಕಟ್ಟಲು ಸುಣ್ಣದ ನೀರು ಹನಿಸಬೇಕಂತೆ. ಅದಕ್ಕೊಂದು ಜರ್ಮನ್ ಹೆಸರು. ಮನೆಗೆ ಬಂದು ಮೀನಿಗೆ ವರದಿ ಒಪ್ಪಿಸಿದೆ. ಅತ್ತೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ತೊಟ್ಟಿಯ ಪಕ್ಕ ಇಟ್ಟರು.

"ಹವಳವ್ವ, ಇಷ್ಟಕ್ಕ ಯಾಕ ಅಂಜಬೇಕು? ಕದಡಿದ್ದು ಮುಟ್ಟಬ್ಯಾಡ, ಸುಡ್ತದ. ನೀರಾಗ ಕಲಿಸಿ ಒಂದು ರಾತ್ರಿ ಇಡಬೇಕು, ಮ್ಯಾಲಿನ ತಿಳಿ ಅಷ್ಟೇ ತಗೋಬೇಕು. ಅದೂ ಹನಿ ಹನಿ."

ಇಂಟರ್‌ನೆಟ್ ಇದನ್ನೇ ಆರು ಪುಟ ಹೇಳಿತ್ತು. ಜರ್ಮನರು ಹೆಸರಿಟ್ಟರು, ಅತ್ತೆ ಸುಣ್ಣವಿಟ್ಟರು.

ಮೆಡಿಕಲ್‌ನಿಂದ ಸಲೈನ್ ನಳಿಗೆ ತಂದು ಹಚ್ಚಿದೆ. ಸಪ್ನಾ ವಿವರಿಸಿದಾಗ ಅತ್ತೆ — "ಅಯ್ಯ ಪಾಪ, ಇದಕ್ಕೂ ಆಪರೇಷನ್ ಆತೇನು!"

೧೭ ಮಾರ್ಚ್

ಭೂತಗನ್ನಡಿ ಹಿಡಿದು ನೋಡಿದೆ. ಕಂದು. ತುದಿಯಲ್ಲಿ ಏನೋ ಇದೆ ಅನಿಸುತ್ತದೆ — ಆಸೆಯೇ ಇರಬೇಕು.

ಒಂದು ನೀಲಿ ಜಿಲೇಟಿನ್ ಹಾಳೆ ತಂದಿದ್ದೆ. ಟ್ಯೂಬಿಗೆ ಸುತ್ತಿದರೆ ಹವಳ ನೀಲಿ, ಮೀನು ನೀಲಿ, ನಾನೂ ನೀಲಿ. ಅಳತೆಗೆ ಕತ್ತರಿಸಿದೆ. ಆಮೇಲೆ ಮಡಚಿ ಕಪಾಟಿನಲ್ಲಿಟ್ಟೆ. ಹೊಸ ಕಣ್ಣಿಗೆ ಮೊದಲ ದಿನವೇ ಸುಳ್ಳು ತೋರಿಸುವುದೇ?

೧೮ ಮಾರ್ಚ್, ಸಂಜೆ ೬

ಕನ್ನಡಕ ತೆಗೆದರು. ದವಾಖಾನೆಯಲ್ಲೇ ಸಪ್ನಾಳ ಮುಖ ಹಿಡಿದು — "ನಿನಗ ಯಾವಾಗ ಬಿಳಿ ಕೂದಲ ಬಂದ್ವ ತಂಗಿ?" ಸಪ್ನಾ ನಕ್ಕಳು. ನಗುತ್ತಲೇ ಅತ್ತಳು.

ಮನೆಗೆ ಬಂದವರು ನೇರ ತೊಟ್ಟಿಗೆ. ಸೆರಗು ಎಳೆದುಕೊಂಡು ಹತ್ತು ನಿಮಿಷ ನಿಂತರು. ಹವಳವ್ವನಿಗೂ ಒಂದು ಮಾತಿಲ್ಲ. ಒಳಗೆ ಹೋದರು.

ಏನಿತ್ತು ಹೇಳಲು. ಕಂದು ಕಂದೇ. ಯುಗಾದಿ ಊರಲ್ಲೇ ಆಗಬೇಕಂತೆ. ಶನಿವಾರ ಹೊರಡುತ್ತಾರೆ.

ಇವತ್ತು ಮಾತಿನಾಟ ಇಲ್ಲ.

೨೦ ಮಾರ್ಚ್, ಶನಿವಾರ, ಬೆಳಿಗ್ಗೆ ೬.೪೦

ಚೀಲಗಳು ಬಾಗಿಲಲ್ಲಿ. ಸಪ್ನಾ ರಿಕ್ಷಾ ತರಲು ಇಳಿದಿದ್ದಾಳೆ. ನಾನು ಕೋಣೆಯಲ್ಲಿ. ಮುಖ ತೋರಿಸಲು ಮನಸ್ಸಿಲ್ಲ.

ಹೊರಗೆ ಅತ್ತೆ "ಸಪ್ನಾ" ಎಂದರು. "ಹವಳವ್ವ" ಎಂದರು. ಮತ್ತೆ —

"ಅಳಿಯಂದ್ರ! ಬರ್ರಿಲ್ಲೆ ಲಗೂನ! ಬುಡದಾಗ ಸಾಸಿವಿಕಾಳಿನಷ್ಟು ಚಿಗುರು ಬಿಟ್ಟದ, ನೀಲಿ ಅದರಿ! ಮೊನ್ನಿನೇ ಕಂಡಿತ್ತು, ಹೊಸಾ ಕಣ್ಣು, ಸುಳ್ಳಿದ್ದೀತಂತ ಸುಮ್ಮನಾದೆ. ಇವತ್ತ ಖರೆ ಅದ!"

ಗೋಡೆಗಲ್ಲ. ಹವಳಕ್ಕಲ್ಲ. ಇದನ್ನು ಬರೆದಿಟ್ಟೇ ಏಳುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ. ಹನ್ನೆರಡು ವರ್ಷ, ನಾಲ್ಕು ತಿಂ

"ಬರಕೋತ ಕುಂತೀರೇನ್ರಿ? ರಿಕ್ಷಾ ಬರೂದ್ರಾಗ ಬರ್ರಿ!"

ಬಂದೆನ್ರಿ, ಅತ್ತಿಯಾರ, ಬಂದೆ —