ಮನೆಮುರುಕಿ ಗೆಂಡೆಯ ಬೆನ್ನು ಹತ್ತಿ

ಜನವರಿ 6, ಸಂಜೆ

ಘನ ನ್ಯಾಯಾಲಯದ ಮುಂದೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ: ಇಂದು ಸರ್ಕಾರಿ ಮೀನೊಂದಕ್ಕೆ ಹೆಸರಿಟ್ಟೆ. ನಿಯಮದ ಪ್ರಕಾರ ಮೀನಿಗೆ ನಂಬರ್ ಮಾತ್ರ. ಹೆಸರಿಟ್ಟರೆ ಮೋಹ ಹುಟ್ಟುತ್ತದಂತೆ.

ಹೆಸರು ಮನೆಮುರುಕಿ. ಅನ್ವರ್ಥ. ಎಲ್ಲಿಂದಲೋ ಬಂದು ಸರೋವರವನ್ನೆಲ್ಲ ಕಬಳಿಸಿದ ಗೆಂಡೆ ಜಾತಿಯವಳು. ಹೊಟ್ಟೆ ಕೊಯ್ದು, ರೇಡಿಯೊ ಟ್ಯಾಗ್ ಒಳಗಿಟ್ಟು, ಹೊಲಿದು, ನೀರಿಗೆ ಬಿಟ್ಟೆ. ಟ್ಯಾಗ್ ಅಂದರೆ ಹೆಬ್ಬೆರಳಷ್ಟು ಡಬ್ಬಿ. ಅಯಸ್ಕಾಂತ ಅಂಟಿದ್ದರೆ ನಿದ್ದೆ, ಕಿತ್ತರೆ ಎಚ್ಚರ — ಬೀಪ್, ಬೀಪ್. ಎರಡು ಕಳಿಸಿದ್ದರು, ಒಂದು ಸ್ಪೇರ್. ಒಂದೊಂದಕ್ಕೂ ಬೇರೆ ನಂಬರ್; ರಿಸೀವರಿಗೆ ಯಾವ ನಂಬರ್ ಕೊಡುತ್ತೇವೋ ಅದರ ಬೀಪ್ ಮಾತ್ರ ಕೇಳುತ್ತದೆ.

ಚಳಿಗಾಲದಲ್ಲಿ ಗೆಂಡೆಗಳೆಲ್ಲ ಒಂದೆಡೆ ಗುಂಪುಗೂಡುತ್ತವೆ. ಇವಳು ಬಳಗ ಹುಡುಕಿಕೊಂಡು ಹೋಗುತ್ತಾಳೆ. ಅವಳ ಹಿಂದೆ ನಾನು, ನನ್ನ ಹಿಂದೆ ಬಲೆಯವರು. ಒಂದೇ ಎಳೆತಕ್ಕೆ ಇಡೀ ಸಂಸಾರ. ಮನೆ ಮುರಿಯುವುದು ಎಂದರೆ ಇದು.

ಜನವರಿ 8

ಸಾಹೇಬರ ಫೋನು. ಅವರ ಪ್ರತಿ ಮಾತೂ ಒಂದೇ ಪದದಿಂದ ಶುರು.

“ಅರ್ಜೆಂಟ್ ಕಣ್ರೀ. ಬಲೆಯವರು ಸಿಕ್ಕಿರೋದು ಹದಿನೇಳಕ್ಕೆ, ಅದೂ ಒಂದೇ ದಿನ. ಅಷ್ಟರಲ್ಲಿ ಜಾಗ ಹೇಳ್ಬೇಕು.”

“ಹೇಳ್ತೀನಿ ಸಾರ್.”

“ಮೀನಮೇಷ ಎಣಿಸ್ತಾ ಕೂರ್ಬೇಡಿ.”

“ಮೇಷ ನೀವು ಎಣಿಸಿ ಸಾರ್. ಮೀನ ನನಗೆ ಬಿಡಿ.”

ನಗಲಿಲ್ಲ. ಅವರ ಆತುರವೂ ಸುಳ್ಳಲ್ಲ. ತಿಂಗಳ ಕೊನೆಗೆ ಕಲ್ಲುಮೀನು ದಡದ ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಬೆರಳುದ್ದದ ಮೀನು. ಈ ನೀರು ಬಿಟ್ಟರೆ ಬೇರೆಲ್ಲೂ ಇಲ್ಲ. ಹೋದ ವರ್ಷ ಗೆಂಡೆಗಳು ದಡಕ್ಕೆ ನುಗ್ಗಿ ಕೆಸರು ಕದಡಿದವು. ಮೊಟ್ಟೆಗಳು ಹೂಳಿನಡಿ ಉಸಿರುಗಟ್ಟಿದವು. ಈ ವರ್ಷವೂ ಹಾಗಾದರೆ ಕಲ್ಲು ಉಳಿಯುತ್ತದೆ, ಮೀನು ಉಳಿಯುವುದಿಲ್ಲ.

ಜನವರಿ 11

ಸಿಕ್ಕಳು! ಹಳೆಯ ಕಟ್ಟೆಯ ಬಳಿ, ಗಾಳಿಗೆ ಮರೆಯಾಗಿ ದೋಣಿ ನಿಲ್ಲಿಸಿದಾಗ. ಬೀಪ್ ಎಷ್ಟು ಜೋರೆಂದರೆ ಕಿವಿಯಿಂದ ಹೆಡ್‌ಫೋನ್ ತೆಗೆಯಬೇಕಾಯಿತು. ಆಂಟೆನಾ ಎತ್ತ ತಿರುಗಿಸಿದರೂ ಅದೇ ಜೋರು. ಅಂದರೆ ಸರಿಯಾಗಿ ದೋಣಿಯ ಕೆಳಗೇ ಇದ್ದಾಳೆ.

ಜನವರಿ 13, ರಾತ್ರಿ

ವಿಜ್ಞಾನಕ್ಕೆ ಹೊಸ ಸಂಗತಿ. ಕಟ್ಟೆಯಿಂದ ಹೊರಟೆ — ಅವಳೂ ಹೊರಟಳು. ನಿಂತೆ — ನಿಂತಳು. ಮೋಟಾರಿನ ಸದ್ದಿಗೆ ಒಗ್ಗಿಹೋಗಿದ್ದಾಳೆ. ತಿರುಗಿ ಕಟ್ಟೆಗೆ ಬಂದೆ, ಜೊತೆಗೇ ಬಂದಳು. ಬುತ್ತಿ ಬಿಚ್ಚಿದೆ. ಮೇಲೆ ನಾನು, ಕೆಳಗೆ ಅವಳು. ಬಹಳ ದಿನಗಳ ಮೇಲೆ ಒಬ್ಬರ ಜೊತೆ ಊಟ.

ಸಂಜೆ ಅಕ್ಕನ ಫೋನು.

“ಏನೋ, ಹೇಗಿದ್ದೀಯ? ಅಲ್ಲಿ ಮಾತಾಡೋಕಾದ್ರೂ ಯಾರಾದ್ರೂ ಇದ್ದಾರೇನೋ?”

“ಒಬ್ಬಳು ಹಿಂದೆ ಬಿದ್ದಿದ್ದಾಳೆ ಅಕ್ಕ.”

“ಹೌದೇನೋ! ಯಾರೋ ಅವಳು?”

“ನಾಲ್ಕು ಕೇಜಿ. ಮೀಸೆ ಇದೆ.”

“ಥೂ, ನಿನ್ನ! ಐವತ್ತಾಯ್ತು, ಹುಡುಗಾಟ ಹೋಗ್ಲಿಲ್ಲ. ನಿಜ ಹೇಳು, ಒಬ್ಬನೇ ಇದ್ದು ಬೇಜಾರಾಗಲ್ವಾ?”

“ಇಲ್ಲಕ್ಕ. ನನಗೆ ಒಬ್ಬನೇ ಇರೋದೇ ಆರಾಮ. ಯಾರೂ ಬೇಡ.”

ಫೋನ್ ಇಟ್ಟದ್ದು ಯಾರು ಮೊದಲು, ಗೊತ್ತಾಗಲಿಲ್ಲ.

ಜನವರಿ 15

ಸಾಹೇಬರಿಗೆ ತಿಳಿಸಿದೆ. ಜಾಗ: ಹಳೆಯ ಕಟ್ಟೆ. ಬಳಗವೂ ಅಲ್ಲೇ ಇರಬೇಕು, ಎಲ್ಲಿ ಹೋದರೂ ಇವಳು ಅಲ್ಲಿಗೇ ಮರಳುತ್ತಾಳಲ್ಲ. ನೀರೊಳಗೆ ನೋಡುವ ಸೋನಾರ್ ರಿಪೇರಿಗೆ ಹೋಗಿದೆ. ಬೇಡ, ನನ್ನ ಕಿವಿ ಸಾಕು ಎಂದೆ.

ನಾಡಿದ್ದು ಮನೆಮುರುಕಿಯೂ ಬಲೆಗೆ ಬೀಳುತ್ತಾಳೆ. ಆ ವಿಷಯ ಬರೆಯುವುದು ಬೇಡ.

ಜನವರಿ 17

ಬಲೆ ಮೇಸ್ತ್ರಿ ಬೆಳಿಗ್ಗೆಯೇ ಬಂದ. ಆರು ಜನ, ಎರಡು ದೋಣಿ.

“ಇಲ್ಲೇ ಗ್ಯಾರಂಟಿನಾ ಸಾರ್?”

“ನನ್ನ ಮಂಡೆ ಅಡ ಇಡ್ತೀನಿ.”

“ಮಂಡೆ ಯಾರಿಗ್ ಬೇಕು ಸಾರ್, ಗೆಂಡೆ ಸಿಕ್ರೆ ಸಾಕು.”

ಸುತ್ತ ಬಲೆ ಬಿಟ್ಟರು. ಎಳೆದರು. ಬಂದದ್ದು ಕೆಸರು, ಒಂದು ಟೈರು, ಒಂದು ಹಿಡಿ ಕಲ್ಲುಮೀನು. ಹೊಟ್ಟೆ ತುಂಬ ಮೊಟ್ಟೆ. ಒಂದೊಂದಾಗಿ ಬಿಡಿಸಿ ನೀರಿಗೆ ಬಿಟ್ಟೆ. ಎರಡು ಈಜಲಿಲ್ಲ.

ಬಲೆ ಖಾಲಿ. ಭಲೇ!

“ನಿಮ್ಮ ಹುಡುಗಿ ತವರಿಗೆ ಹೋಗಿರ್ಬೇಕು ಸಾರ್” ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿಯಲ್ಲಿ ಆಗಲೂ ಬೀಪ್, ಬೀಪ್… ಜೋರಾಗಿ.

ಜನವರಿ 20, ಬೆಳಿಗ್ಗೆ

ಎರಡು ದಿನ ಬರೆಯಲಿಲ್ಲ. ದೋಣಿಯನ್ನೂ ಇಳಿಸಲಿಲ್ಲ.

ಇವತ್ತು ಬ್ಯಾಟರಿ ನೋಡೋಣವೆಂದು ರಿಸೀವರನ್ನು ಕೋಣೆಯಲ್ಲೇ ಆನ್ ಮಾಡಿದೆ. ಬೀಪ್! ಕಟ್ಟೆಯ ಬಳಿ ಇದ್ದಷ್ಟೇ ಜೋರು. ಮೀನು ಮೆಟ್ಟಿಲು ಹತ್ತಿ ಬಂದಿತೇ? ಕಿಟಕಿಗೆ ಹಿಡಿದೆ, ಮಂಚಕ್ಕೆ ಹಿಡಿದೆ. ಕೊನೆಗೆ ಮೊಳೆಗೆ ನೇತುಹಾಕಿದ್ದ ಕೋಟು, ದೋಣಿಯಲ್ಲಿ ದಿನವೂ ತೊಡುವುದು.

ಜೇಬಿನಲ್ಲಿ ಸ್ಪೇರ್ ಟ್ಯಾಗ್. ಅದರ ಅಯಸ್ಕಾಂತ ಹಾರಿ ಬೀಗದಕೈ ಗೊಂಚಲಿಗೆ ಅಂಟಿಕೊಂಡಿದೆ. ಮೀನಿನ ಹೊಟ್ಟೆಯಲ್ಲಿಟ್ಟದ್ದು ಒಂದು, ರಿಸೀವರಿಗೆ ಕೊಟ್ಟದ್ದು ಇನ್ನೊಂದರ ನಂಬರ್. ಇಷ್ಟು ದಿನ ನಾನು ಬೆನ್ನು ಹತ್ತಿದ್ದು ನನ್ನ ಜೇಬನ್ನೇ.

ನಂಬರ್ ಬದಲಿಸಿ ದಡಕ್ಕೆ ಓಡಿದೆ. ಉಸಿರು ಹಿಡಿದು ಕೇಳಿದೆ. ಇದ್ದಾಳೆ. ತೀರ ಕ್ಷೀಣ, ಆಚೆ ದಡದ ಆಳದಲ್ಲಿ. ಬಳಗದ ನಡುವೆ ಬೆಚ್ಚಗೆ ಇರಬೇಕು. ನನ್ನ ದೋಣಿಯ ಹತ್ತಿರ ಒಮ್ಮೆಯೂ ಸುಳಿದವಳಲ್ಲ.

ಅದೇ ದಿನ, ಮಧ್ಯಾಹ್ನ

ಮೊಟ್ಟೆಗೆ ಇನ್ನೂ ಸಮಯವಿದೆ. ಬಲೆಯವರನ್ನು ಮತ್ತೆ ಕರೆಸಬೇಕು. ಕರೆಸಬೇಕಾದರೆ ಸಾಹೇಬರಿಗೆ ನಿಜ ಹೇಳಬೇಕು. ಹೇಳಿದೆ, ಜೇಬಿನ ಸಮೇತ.

ಆಮೇಲೆ ಫೋನಿನಲ್ಲಿ ವಿಚಿತ್ರ ಶಬ್ದ. ಸಾಹೇಬರು ನಗುತ್ತಿದ್ದರು!

“ಅರ್ಜೆಂಟ್ ಕಣ್ರೀ… ಅಯ್ಯೋ… ಗುರುವಾರ ಕಳಿಸ್ತೀನಿ. ಆ ಸ್ಪೇರ್ ಆಫ್ ಮಾಡಿದ್ರೇನ್ರೀ? ಬ್ಯಾಟರಿ ದಂಡ.”

“ಆಗ್ಲೇ ಮಾಡ್ದೆ ಸಾರ್.”

ಮಾಡಿಲ್ಲ. ಎದುರಿಗೆ ಮೇಜಿನ ಮೇಲಿದೆ, ತಟ್ಟೆಯ ಪಕ್ಕದಲ್ಲಿ. ಬೀಪ್, ಬೀಪ್. ಅಯಸ್ಕಾಂತ ಕೈಯಲ್ಲೇ ಇದೆ, ಅಂಟಿಸಿದರೆ ಮುಗಿಯಿತು. ಒಬ್ಬನೇ ಇರೋದೇ ಆರಾಮ ಎಂದವನು ನಾನೇ. ಊಟ ಮುಗಿಯುವವರೆಗಾದರೂ ಇರಲಿ ಅಂತ—